ಶಾಲಾ ಸಂಘಗಳಿಗೆ ಸಾಮಾಜಿಕ ಜಾಲತಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜ್ಞಾನ ಸಂಘ, ಇಕೋ ಕ್ಲಬ್, ಸಾಹಿತ್ಯ ಸಂಘ, ಚುನಾವಣಾ ಸಾಕ್ಷರತಾ ಸಂಘ ಮೊದಲಾದವುಗಳ ಹೊಣೆ ಹೊತ್ತ ಶಿಕ್ಷಕರು ತರಬೇತಿಗಳ ಬಿಡುವಿನಲ್ಲಿ, ಪೋಷಕರು ಸಭೆಗಳಲ್ಲಿ, ಕೆಲವರು ಪತ್ರ ಬರೆದು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರಗಳನ್ನು ಕರ್ನಾಟಕದ ಪ್ರೌಢಶಾಲೆಗಳನ್ನು, ಅಂದರೆ ಎಂಟರಿಂದ ಹತ್ತನೇ ತರಗತಿಯವರೆಗಿನ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು ಬರೆಯಲಾಗಿದೆ.

## ಆರಂಭಕ್ಕೆ ಮುನ್ನ

ನಮ್ಮದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಇಕೋ ಕ್ಲಬ್‌ಗೆ ನಿಜವಾಗಿಯೂ ಸೋಷಿಯಲ್ ಮೀಡಿಯಾ ಬೇಕಾ?

ಬೇಕೇ ಬೇಕೆಂದೇನೂ ಇಲ್ಲ. ಸಂಘ ನಡೆಯುವುದು ಶಾಲೆಯ ಕೈತೋಟದಲ್ಲಿ, ಪ್ರಯೋಗಾಲಯದಲ್ಲಿ, ಶನಿವಾರದ ಕೊನೆಯ ಅವಧಿಯಲ್ಲಿ. ಅಲ್ಲಿ ಕೆಲಸ ನಡೆಯದಿದ್ದರೆ ಯಾವ ಖಾತೆಯೂ ಅದನ್ನು ಉಳಿಸಲಾರದು. ಆದರೆ ಕೆಲಸ ನಡೆಯುತ್ತಿರುವ ಸಂಘಕ್ಕೆ ಜಾಲತಾಣದಿಂದ ಕೆಲವು ನಿಜವಾದ ಅನುಕೂಲಗಳಿವೆ. ಮಗು ಸಂಜೆ ತಡವಾಗಿ ಬರುವುದು ಏಕೆ ಎಂಬುದು ಪೋಷಕರಿಗೆ ಮೊದಲೇ ತಿಳಿಯುತ್ತದೆ. ಊರು ಬಿಟ್ಟು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೆ ಶಾಲೆಯ ಅಗತ್ಯವೊಂದನ್ನು ತಿಳಿಸಲು ದಾರಿ ಸಿಗುತ್ತದೆ. ಪಕ್ಕದ ತಾಲ್ಲೂಕಿನ ಇನ್ನೊಂದು ಶಾಲೆಯ ಮಕ್ಕಳು ಏನು ಮಾಡುತ್ತಿದ್ದಾರೆಂಬುದು ನಮ್ಮ ಮಕ್ಕಳಿಗೆ ಕಾಣುತ್ತದೆ, ಮತ್ತು ಇದು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು ಉತ್ಸಾಹ ತುಂಬುತ್ತದೆ. ಮೊದಲ ಅರ್ಧವರ್ಷ ಸಂಘವನ್ನು ಕ್ರಮವಾಗಿ ನಡೆಸಿ, ನಡಾವಳಿ ಪುಸ್ತಕ ತುಂಬುತ್ತಾ ಹೋಗಿ, ದಸರಾ ರಜೆಯ ನಂತರ ಖಾತೆ ತೆರೆಯಿರಿ ಎಂಬುದು ನನ್ನ ಸಲಹೆ.

ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್: ಎಲ್ಲದರಲ್ಲೂ ಇರಬೇಕಾ, ಒಂದು ಸಾಕಾ?

ಒಳಗಿನ ಸಂವಹನಕ್ಕೆ ಒಂದು, ಹೊರಗಿನವರಿಗೆ ತೋರಿಸಲು ಒಂದು, ಇಷ್ಟು ಸಾಕು. ನಮ್ಮ ಪೋಷಕರಲ್ಲಿ ಹೆಚ್ಚಿನವರು ಇರುವುದು ವಾಟ್ಸ್‌ಆ್ಯಪ್‌ನಲ್ಲಿ; ಆದ್ದರಿಂದ ಸಭೆಯ ದಿನ, ತರಬೇಕಾದ ಸಾಮಗ್ರಿ, ಹೊರಸಂಚಾರದ ಸಮಯ ಮುಂತಾದವು ಅಲ್ಲಿಗೆ ಸೇರಿದವು. ಹೊರಗಿನವರಿಗಾಗಿ ಯಾವುದನ್ನು ಆರಿಸಬೇಕೆಂಬುದು ಸಂಘದ ಕೆಲಸವನ್ನು ಅವಲಂಬಿಸಿದೆ. ಹಳೆಯ ವಿದ್ಯಾರ್ಥಿಗಳೂ ಊರಿನ ಹಿರಿಯರೂ ಮುಖ್ಯವಾದರೆ ಫೇಸ್‌ಬುಕ್ ಪುಟ ಇಂದಿಗೂ ಒಳ್ಳೆಯ ಆಯ್ಕೆ. ನಾಟಕ, ಪ್ರಯೋಗ, ಭಾಷಣದಂತಹ ದೀರ್ಘ ಕಾರ್ಯಕ್ರಮಗಳಿದ್ದರೆ ಯೂಟ್ಯೂಬ್ ಸೂಕ್ತ. ಇನ್‌ಸ್ಟಾಗ್ರಾಂ ಮಕ್ಕಳಿಗೆ ಪ್ರಿಯವಾದದ್ದು ನಿಜ, ಆದರೆ ಮಕ್ಕಳಿಗೆ ಹೇಳಬೇಕಾದದ್ದನ್ನು ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಎರಡೇ ನಿಮಿಷದಲ್ಲಿ ಹೇಳಬಹುದು. ಅದಕ್ಕಾಗಿ ಖಾತೆ ತೆರೆಯುವ ಅಗತ್ಯವಿಲ್ಲ.

ಎಂಟನೇ ಕ್ಲಾಸಿನ ಮಕ್ಕಳನ್ನು ನೇರವಾಗಿ ಗ್ರೂಪ್‌ಗೆ ಸೇರಿಸಬಹುದಾ?

ಸೇರಿಸಬೇಡಿ, ಪೋಷಕರನ್ನು ಸೇರಿಸಿ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೂರರಲ್ಲೂ ಖಾತೆ ಹೊಂದಲು ಕನಿಷ್ಠ ವಯಸ್ಸು 13. ಎಂಟನೇ ತರಗತಿಯಲ್ಲಿ ಈ ವಯಸ್ಸು ತುಂಬಿದವರೂ ತುಂಬದವರೂ ಒಟ್ಟಿಗೆ ಕುಳಿತಿರುತ್ತಾರೆ. ಇನ್‌ಸ್ಟಾಗ್ರಾಂ 2025ರ ಫೆಬ್ರವರಿಯಿಂದ ಭಾರತದಲ್ಲಿಯೂ ಹದಿಹರೆಯದವರ ಖಾತೆಗಳನ್ನು ಪ್ರತ್ಯೇಕಿಸಿದ್ದು, ಅವು ಪೂರ್ವನಿಯೋಜಿತವಾಗಿ ಖಾಸಗಿಯಾಗಿರುತ್ತವೆ ಮತ್ತು 16 ವರ್ಷದೊಳಗಿನವರು ಆ ರಕ್ಷಣೆಗಳನ್ನು ಸಡಿಲಿಸಲು ಪೋಷಕರ ಅನುಮತಿ ಪಡೆಯಬೇಕಾಗುತ್ತದೆ. ಇನ್ನು ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳೇ. ಹಾಗಾಗಿ ಹತ್ತನೇ ತರಗತಿಯ ವಿದ್ಯಾರ್ಥಿಗೂ ಇದೇ ನಿಯಮವನ್ನು ಅನ್ವಯಿಸುವುದು ಸುರಕ್ಷಿತ. ಗ್ರೂಪ್‌ಗೆ ಸೇರಿಸುವ ಮೊದಲು ಪೋಷಕರನ್ನೂ ಒಂದು ಮಾತು ಕೇಳಿ. ಪ್ರವೇಶ ಅರ್ಜಿಯಲ್ಲಿ ಬರೆದುಕೊಟ್ಟ ನಂಬರನ್ನು ಅವರು ಈ ಉದ್ದೇಶಕ್ಕೆ ಕೊಟ್ಟಿರುವುದಿಲ್ಲ.

ಮನೆಯಲ್ಲಿ ಸ್ಮಾರ್ಟ್‌ಫೋನೇ ಇಲ್ಲದ ಮಕ್ಕಳು ಏನು ಮಾಡಬೇಕು ಸರ್?

ಈ ಪುಟದ ಪ್ರಶ್ನೆಗಳಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ. ಕೂಲಿಗೆ ಹೋಗುವ ತಂದೆ ತಾಯಿಯ ಮನೆಯಲ್ಲಿ ಬಟನ್ ಫೋನ್ ಮಾತ್ರ ಇರಬಹುದು. ಸ್ಮಾರ್ಟ್‌ಫೋನ್ ಇದ್ದರೂ ಅದು ಅಣ್ಣನ ಕೈಯಲ್ಲಿ ಕೆಲಸದ ಜಾಗದಲ್ಲಿರಬಹುದು. ಹೆಣ್ಣು ಮಕ್ಕಳ ಕೈಗೆ ಫೋನ್ ಕೊಡದ ಮನೆಗಳೂ ಇವೆ. ವಿದ್ಯಾರ್ಥಿನಿಲಯದ ಮಕ್ಕಳಿಗೆ ಫೋನ್ ಸಿಗುವುದೇ ಅಪರೂಪ. ಸೂಚನೆಯನ್ನು ಗ್ರೂಪ್‌ನಲ್ಲಿ ಮಾತ್ರ ಹಾಕಿದರೆ, ಈ ಮಕ್ಕಳನ್ನು ಯಾರೂ ಹೊರಗೆ ಹೋಗೆಂದು ಹೇಳದಿದ್ದರೂ ಅವರು ಸಂಘದಿಂದ ಹೊರಗುಳಿಯುತ್ತಾರೆ. ಹಾಗೆ ಹೊರಗುಳಿದವರು ಬಂದು ದೂರು ಕೊಡುವುದಿಲ್ಲ. ಅವರ ಗೈರುಹಾಜರಿಯನ್ನು ನಾವು ಆಸಕ್ತಿಯ ಕೊರತೆ ಎಂದು ತಪ್ಪಾಗಿ ಓದುತ್ತೇವೆ.

ಪರಿಹಾರ ಕಷ್ಟದ್ದಲ್ಲ. ಪ್ರತಿಯೊಂದು ಸೂಚನೆಯೂ ಮೊದಲು ಪ್ರಾರ್ಥನಾ ಸಭೆಯಲ್ಲಿ ಓದಲ್ಪಡಲಿ, ಸೂಚನಾ ಫಲಕದಲ್ಲಿ ಅಂಟಿಸಲ್ಪಡಲಿ, ಅದಾದ ಮೇಲೆ ಅದೇ ಫಲಕದ ಫೋಟೊ ಗ್ರೂಪ್‌ಗೆ ಹೋಗಲಿ. ಈ ಕ್ರಮವನ್ನು ತಲೆಕೆಳಗು ಮಾಡಬೇಡಿ. ಆಯ್ಕೆ, ಹೆಸರು ನೋಂದಣಿ, ಮತದಾನ ಯಾವುದೂ ಫೋನಿನಲ್ಲಿ ಮಾತ್ರ ನಡೆಯಬಾರದು. ಸಂಜೆಯ ತುರ್ತು ಬದಲಾವಣೆ ಇದ್ದಾಗ ಫೋನ್ ಇಲ್ಲದ ಮಕ್ಕಳಿಗೆ ಯಾರು ತಿಳಿಸಬೇಕೆಂಬ ಪಟ್ಟಿಯನ್ನು, ಬೀದಿ ಅಥವಾ ಊರಿನ ಪ್ರಕಾರ, ವರ್ಷದ ಆರಂಭದಲ್ಲೇ ಮಾಡಿಟ್ಟುಕೊಳ್ಳಿ. ಇಂಥ ಮಗುವೊಂದನ್ನು ಸಂಘದ ಕಾರ್ಯದರ್ಶಿಯಾಗಿ ಆರಿಸಿದರೆ, ವ್ಯವಸ್ಥೆ ಎಲ್ಲಿ ಸೋರುತ್ತಿದೆ ಎಂಬುದು ಮೊದಲ ವಾರದಲ್ಲೇ ಗೊತ್ತಾಗುತ್ತದೆ.

## ದಿನನಿತ್ಯದ ನಿರ್ವಹಣೆ

ಗ್ರೂಪ್ ಮಾಡಿದ ಎರಡೇ ದಿನಕ್ಕೆ ಗುಡ್ ಮಾರ್ನಿಂಗ್, ರಾಜಕೀಯದ ಫಾರ್ವರ್ಡ್ ಶುರುವಾಯಿತು. ತಡೆಯೋದು ಹೇಗೆ?

ಗ್ರೂಪ್ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸುವಂತೆ ಮಾಡಿ. ಪೋಷಕರಿಗೆ ಅಭಿಪ್ರಾಯ ಹೇಳಲು ಜಾಗ ಬೇಡವೇ ಎಂಬ ಆಕ್ಷೇಪ ಬರುತ್ತದೆ. ಅದಕ್ಕೆ ಪೋಷಕರ ಸಭೆಯಿದೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೆ. ಹೊರಸಂಚಾರಕ್ಕೆ ಯಾವ ದಿನ ಅನುಕೂಲ ಎಂಬಂತಹ ಪ್ರಶ್ನೆಗಳಿಗೆ ವಾಟ್ಸ್‌ಆ್ಯಪ್‌ನ ಪೋಲ್ ಸಾಕು. ಸಂಜೆ ಏಳರ ಮೇಲೆ ಗ್ರೂಪ್‌ಗೆ ಸಂದೇಶ ಹಾಕುವುದಿಲ್ಲ ಎಂಬ ನಿಯಮವನ್ನು ಶಿಕ್ಷಕರೂ ಪಾಲಿಸುವುದು ಒಳ್ಳೆಯದು.

ನನ್ನ ಸ್ವಂತ ನಂಬರ್ ಎಲ್ಲರಿಗೂ ಕಾಣುತ್ತೆ. ಅಪರಿಚಿತರಿಂದ ಕರೆ ಬರುತ್ತೆ. ಏನಾದರೂ ದಾರಿ ಇದೆಯಾ?

ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಶಿಕ್ಷಕಿಯರು, ಮತ್ತು ಅವರ ಕಳವಳ ನ್ಯಾಯವಾದದ್ದು. ಸಾಮಾನ್ಯ ಗ್ರೂಪ್‌ನಲ್ಲಿ ಎಲ್ಲ ಸದಸ್ಯರಿಗೂ ಎಲ್ಲರ ನಂಬರ್ ಕಾಣುತ್ತದೆ; ಅಂದರೆ ಇದು ಶಿಕ್ಷಕಿಯ ತೊಂದರೆ ಮಾತ್ರವಲ್ಲ, ಪ್ರತಿ ತಾಯಿಯ ತೊಂದರೆಯೂ ಹೌದು. ವಾಟ್ಸ್‌ಆ್ಯಪ್ ಕಮ್ಯೂನಿಟಿಯ ಪ್ರಕಟಣಾ ವಿಭಾಗದಲ್ಲಿ ಸದಸ್ಯರ ನಂಬರುಗಳು ಪರಸ್ಪರ ಕಾಣುವುದಿಲ್ಲ. 2023ರಲ್ಲಿ ಬಂದ ವಾಟ್ಸ್‌ಆ್ಯಪ್ ಚಾನೆಲ್‌ನಲ್ಲಿ ಅಡ್ಮಿನ್‌ನ ನಂಬರ್ ಕೂಡ ಅನುಸರಿಸುವವರಿಗೆ ಕಾಣುವುದಿಲ್ಲ. ಆದರೆ ಚಾನೆಲ್ ಸಾರ್ವಜನಿಕವಾದದ್ದು, ಹುಡುಕಿದವರಿಗೆ ಸಿಗುವಂಥದ್ದು ಎಂಬುದನ್ನು ಮರೆಯದೆ, ಮಕ್ಕಳು ಎಷ್ಟು ಗಂಟೆಗೆ ಎಲ್ಲಿ ಸೇರುತ್ತಾರೆಂಬ ವಿವರವನ್ನು ಅಲ್ಲಿ ಹಾಕಬೇಡಿ. ಎಲ್ಲಕ್ಕಿಂತ ಒಳ್ಳೆಯದು ಶಾಲೆಯ ಹೆಸರಿನಲ್ಲೇ ಒಂದು ಸಿಮ್ ಇಟ್ಟುಕೊಳ್ಳುವುದು. ಅದರ ರೀಚಾರ್ಜ್ ಖರ್ಚನ್ನು ಶಿಕ್ಷಕರ ಜೇಬಿನಿಂದ ಮಾಡಿಸುವುದು ಸರಿಯಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯವಿಟ್ಟು ನಿರ್ಣಯ ಮಾಡಿಸಿ.

ಪ್ರತಿದಿನ ಏನಾದರೂ ಹಾಕಲೇಬೇಕಾ? ನಮ್ಮಲ್ಲಿ ಅಷ್ಟು ಕಾರ್ಯಕ್ರಮಗಳೇ ಇರಲ್ಲ.

ವಾರಕ್ಕೆ ಒಂದು ಸಾಕು, ಎರಡು ವಾರಕ್ಕೆ ಒಂದಾದರೂ ಸಾಕು. ಬಹಳಷ್ಟು ಸಂಘಗಳ ಪುಟಗಳಲ್ಲಿ ಅತಿಥಿಗಳು ದೀಪ ಹಚ್ಚುವ, ಶಾಲು ಹೊದಿಸುವ ಚಿತ್ರಗಳೇ ತುಂಬಿರುತ್ತವೆ. ಜೂನ್ 5ರ ಪರಿಸರ ದಿನದಂದು ಸಸಿ ನೆಟ್ಟ ಫೋಟೊ ಎಲ್ಲರ ಬಳಿಯೂ ಇರುತ್ತದೆ. ಅದೇ ಸಸಿ ದೀಪಾವಳಿಯ ಹೊತ್ತಿಗೆ ಹೇಗಿದೆ, ಬೇಸಿಗೆಯಲ್ಲಿ ಬದುಕಿದೆಯೇ, ದನ ತಿಂದಿದ್ದರೆ ಮಕ್ಕಳು ಅದಕ್ಕೆ ಬೇಲಿ ಹೇಗೆ ಕಟ್ಟಿದರು ಎಂಬುದನ್ನು ತೋರಿಸುವವರು ವಿರಳ. ಓದುವವರಿಗೆ ಬೇಕಾದದ್ದು ಎರಡನೆಯದು.

ವರ್ಷವಿಡೀ ನಡೆಯುವ ಒಂದು ವೀಕ್ಷಣೆಯನ್ನು ಹಿಡಿದರೆ ವಿಷಯಕ್ಕೆ ಬರವಿರುವುದಿಲ್ಲ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಶಾಲೆಗಳು ಒಂದೊಂದು ಮರವನ್ನು ಆರಿಸಿಕೊಂಡು ಚಿಗುರು, ಹೂವು, ಕಾಯಿಗಳನ್ನು ವಾರವಾರವೂ ದಾಖಲಿಸುತ್ತವೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲಿನ ಹಕ್ಕಿಗಳ ಜಾಗತಿಕ ಗಣತಿಯ ಭಾಗವಾಗಿ ಭಾರತದಲ್ಲಿ ಕ್ಯಾಂಪಸ್ ಬರ್ಡ್ ಕೌಂಟ್ ನಡೆಯುತ್ತದೆ; ಕನಿಷ್ಠ ಹದಿನೈದು ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿ, ಹಕ್ಕಿ ವೀಕ್ಷಣೆಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದರೆ ಶಾಲೆಯ ಆವರಣವೂ ಒಂದು ವಿಜ್ಞಾನದ ದಾಖಲೆಯೊಳಗೆ ಬರುತ್ತದೆ. ಅದೇ ತಿಂಗಳ 28ರಂದು ರಾಷ್ಟ್ರೀಯ ವಿಜ್ಞಾನ ದಿನ. ಗುಬ್ಬಿ, ಕಾಜಾಣ, ಮೈನಾಗಳ ಎಣಿಕೆಯ ಪಟ್ಟಿಯನ್ನು ಮಕ್ಕಳ ಕೈಬರಹದಲ್ಲೇ ಫೋಟೊ ತೆಗೆದು ಹಾಕಿ. ಮಗುವಿನ ಮುಖವಿಲ್ಲದೆಯೂ ಮಗುವಿನ ಕೆಲಸ ಅಲ್ಲಿ ಪೂರ್ತಿಯಾಗಿ ಕಾಣುತ್ತದೆ.

ನುಡಿಯಲ್ಲಿ ಟೈಪ್ ಮಾಡಿದ ವರದಿಯನ್ನು ಫೇಸ್‌ಬುಕ್‌ಗೆ ಹಾಕಿದರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತವೆ, ಯಾಕೆ?

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮೂಡಿಸಿದ ಪಠ್ಯ ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನು ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತದಲ್ಲಿ, ಇರುವುದಿಲ್ಲ. ಆ ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಪರಿವರ್ತಕ ತಂತ್ರಾಂಶದಲ್ಲಿ ಯುನಿಕೋಡ್‌ಗೆ ಬದಲಿಸಿ ಹಾಕಿ, ಇಲ್ಲವೇ ಫೋನಿನ ಕನ್ನಡ ಕೀಲಿಮಣೆಯಲ್ಲೇ ಬರೆಯಿರಿ. ಧ್ವನಿಯಿಂದ ಬರೆಸುವ ಸೌಲಭ್ಯವೂ ಈಗ ಸಾಕಷ್ಟು ಚೆನ್ನಾಗಿದೆ. ಇಡೀ ವರದಿಯನ್ನು ಚಿತ್ರವಾಗಿಸಿ ಹಾಕುವ ರೂಢಿಯನ್ನು ಬಿಡಬೇಕು: ಚಿತ್ರದೊಳಗಿನ ಅಕ್ಷರಗಳು ಹುಡುಕಾಟದಲ್ಲಿ ಸುಲಭವಾಗಿ ಸಿಗುವುದಿಲ್ಲ ಮತ್ತು ದೃಷ್ಟಿದೋಷವುಳ್ಳ ಪೋಷಕರ ಫೋನು ಅವನ್ನು ಸರಿಯಾಗಿ ಓದಿ ಹೇಳಲಾರದು.

## ಫೋಟೊ, ಒಪ್ಪಿಗೆ, ಹಕ್ಕು

ದಾಖಲಾತಿ ವೇಳೆಯೇ ಪೋಷಕರ ಸಹಿ ತಗೊಂಡಿದ್ದೇವೆ. ಫೋಟೊ ಹಾಕಲು ಅದು ಸಾಲದಾ?

ಸಾಲದು ಎಂದೇ ಭಾವಿಸಿ ನಡೆಯಿರಿ. 2023ರ ಕಾಯ್ದೆಯಂತೆ ಮಕ್ಕಳ ದತ್ತಾಂಶವನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿರ್ದಿಷ್ಟ ಉದ್ದೇಶಕ್ಕಾಗಿರಬೇಕು, ಮತ್ತು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಗಡುವಿಗೆ ಕಾಯದೆ ಈಗಲೇ ಒಂದು ಪುಟದ ಸಮ್ಮತಿ ಪತ್ರ ಸಿದ್ಧಪಡಿಸಿ. ಯಾವ ಸಂಘ, ಯಾವ ಜಾಲತಾಣ, ಗುಂಪಿನ ಫೋಟೊ ಮಾತ್ರವೇ ಅಥವಾ ಮಗು ಒಬ್ಬರೇ ಇರುವ ಫೋಟೊ ಕೂಡವೇ, ಹೆಸರು ಹಾಕಬಹುದೇ ಎಂಬುದನ್ನು ಅದರಲ್ಲಿ ಸರಳ ಕನ್ನಡದಲ್ಲಿ ಬೇರೆ ಬೇರೆಯಾಗಿ ಕೇಳಿ. ಓದಲು ಬಾರದ ಪೋಷಕರಿಗೆ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಹಾಕಿಸಿಕೊಳ್ಳಿ.

ಪೋಷಕರು ಒಪ್ಪಿದರೂ ಮಗು ಒಪ್ಪದಿದ್ದರೆ ಹಾಕಬೇಡಿ. ಒಪ್ಪಿಗೆ ಇಲ್ಲದ ಮಗುವನ್ನು ಫೋಟೊ ತೆಗೆಯುವಾಗ ಎಲ್ಲರೆದುರು ಪಕ್ಕಕ್ಕೆ ನಿಲ್ಲಿಸುವುದೂ ಸರಿಯಲ್ಲ. ಕೈಗಳು, ಗಿಡ, ಮಾದರಿ, ಬೆನ್ನು ಕಾಣುವಂತೆ ತೆಗೆದರೆ ಆ ಸಂದರ್ಭವೇ ಬರುವುದಿಲ್ಲ. ಬಾಲಮಂದಿರದಿಂದ ಬರುವ, ಅಂದರೆ ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಕ್ಕಳ ವಿಷಯದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಗುರುತು ಬಹಿರಂಗವಾಗುವುದನ್ನೇ ನಿಷೇಧಿಸುತ್ತದೆ. ಅವರ ಮುಖ, ಹೆಸರು ಎರಡೂ ಸಂಘದ ಪುಟದಲ್ಲಿ ಬಾರದಿರಲಿ.

ಮೇಲಧಿಕಾರಿಗಳು ಜಿಪಿಎಸ್ ಫೋಟೊ ಕೇಳ್ತಾರೆ. ಅದನ್ನೇ ಪೇಜಿಗೂ ಹಾಕಿದರೆ ತಪ್ಪಾ?

ಹೌದು, ಅದನ್ನು ಹಾಕಬಾರದು. ಕಾರ್ಯಕ್ರಮ ನಡೆದದ್ದಕ್ಕೆ ಪುರಾವೆಯಾಗಿ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಮುದ್ರಿತವಾದ ಫೋಟೊ ಕಡತಕ್ಕೆ ಬೇಕಾಗಬಹುದು. ಸಾರ್ವಜನಿಕ ಪುಟದಲ್ಲಿ ಅದೇ ಫೋಟೊ, ಈ ಮಕ್ಕಳು ಈ ದಿನ ಈ ಹೊತ್ತಿಗೆ ಈ ಜಾಗದಲ್ಲಿ ಇರುತ್ತಾರೆಂದು ಅಪರಿಚಿತರಿಗೆ ತಿಳಿಸುತ್ತದೆ. ಕಡತಕ್ಕೊಂದು, ಪುಟಕ್ಕೊಂದು ಎಂದು ಎರಡು ಫೋಟೊ ತೆಗೆಯಿರಿ. ಹೊರಸಂಚಾರದ ಚಿತ್ರಗಳನ್ನು ಮಕ್ಕಳು ಮನೆ ಸೇರಿದ ಮೇಲೆ ಹಾಕಿ. ಸಮವಸ್ತ್ರದ ಮೇಲಿನ ಗುರುತಿನ ಚೀಟಿ ಓದಲು ಬರುವಂತಿದ್ದರೆ ಫೋಟೊ ತೆಗೆಯುವ ಮುನ್ನ ಅದನ್ನು ಜೇಬಿಗೆ ಸೇರಿಸಲು ಹೇಳಿ.

ಮಕ್ಕಳ ನೃತ್ಯಕ್ಕೆ ಸಿನಿಮಾ ಹಾಡು ಹಾಕಿದ್ದೆವು. ವಿಡಿಯೊದ ಧ್ವನಿಯನ್ನೇ ತೆಗೆದುಬಿಟ್ಟಿದ್ದಾರೆ. ಶಾಲೆಗೆ ರಿಯಾಯಿತಿ ಇಲ್ಲವಾ?

ರಿಯಾಯಿತಿ ಇದೆ, ಆದರೆ ಶಾಲೆಯ ಅಂಗಳಕ್ಕೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿ, ಪೋಷಕರ ಎದುರು ನಡೆಯುವ ಪ್ರದರ್ಶನಕ್ಕೆ ವಿನಾಯಿತಿ ಕೊಡುತ್ತದೆ. ಅಂತರ್ಜಾಲದಲ್ಲಿ ನೋಡುವವರು ಆ ಮಿತಿಯೊಳಗೆ ಬರುವುದಿಲ್ಲ. ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕರು ತೀರಿಕೊಂಡ ನಂತರವೂ 60 ವರ್ಷ ಉಳಿಯುತ್ತದೆ. ಹನ್ನೆರಡನೇ ಶತಮಾನದ ವಚನಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಅದನ್ನು ಹಾಡಿದ ಧ್ವನಿಮುದ್ರಿಕೆಗೆ ಹಕ್ಕು ಇರಬಹುದು. ಆದ್ದರಿಂದ ವಚನ, ಜನಪದ ಗೀತೆ, ಕೋಲಾಟದ ಪದಗಳನ್ನು ಮಕ್ಕಳೇ ಹಾಡಲಿ, ತಮಟೆ ಹಾರ್ಮೋನಿಯಂ ಅವರೇ ನುಡಿಸಲಿ. ಊರಿನ ಹಿರಿಯರಿಂದ ಸೋಬಾನೆ ಪದ ಕಲಿತು ಬರುವ ಕೆಲಸವೇ ಸಾಹಿತ್ಯ ಸಂಘಕ್ಕೆ ಒಂದು ವರ್ಷಕ್ಕೆ ಸಾಲುವಷ್ಟಿದೆ.

## ಇನ್ನಷ್ಟು ಮುಂದೆ

ವಾರ್ಷಿಕೋತ್ಸವದ ನಾಟಕವನ್ನು ಯೂಟ್ಯೂಬ್‌ನಲ್ಲಿ ಲೈವ್ ಮಾಡಬೇಕು ಅಂತಿದ್ದೇವೆ. ಏನೆಲ್ಲ ತಯಾರಿ ಬೇಕು?

ಮೊದಲ ಬಾರಿ ಲೈವ್ ಸೌಲಭ್ಯ ಸಕ್ರಿಯವಾಗಲು 24 ಗಂಟೆಯವರೆಗೆ ಹಿಡಿಯುತ್ತದೆ, ಮತ್ತು ಮೊಬೈಲಿನಿಂದಲೇ ಲೈವ್ ಮಾಡಲು ಚಾನೆಲ್‌ಗೆ ಕನಿಷ್ಠ 50 ಚಂದಾದಾರರು ಇರಬೇಕು. ಆದ್ದರಿಂದ ಕಾರ್ಯಕ್ರಮದ ದಿನ ಬೆಳಿಗ್ಗೆ ಶುರುಮಾಡಿದರೆ ಆಗದು. 2025ರ ಜುಲೈಯಿಂದ 16 ವರ್ಷ ತುಂಬದವರು ಸ್ವತಂತ್ರವಾಗಿ ಲೈವ್ ನಡೆಸುವಂತಿಲ್ಲ, ಹಾಗಾಗಿ ಕ್ಯಾಮೆರಾದ ಹೊಣೆ ಶಿಕ್ಷಕರದ್ದಾಗಿರಲಿ. ಲೈವ್ ಚಾಟ್ ಮುಚ್ಚಿಡಿ. ಇಷ್ಟೆಲ್ಲ ಹೇಳಿದ ಮೇಲೂ, ಲೈವ್‌ಗಿಂತ ಮುದ್ರಿಸಿಕೊಂಡು ಮರುದಿನ ಲಿಂಕ್ ಇರುವವರಿಗೆ ಮಾತ್ರ ಕಾಣುವಂತೆ ಹಾಕುವುದನ್ನೇ ನಾನು ಶಿಫಾರಸು ಮಾಡುತ್ತೇನೆ. ಮಾತು ಮರೆತು ನಿಂತ ಮಗುವಿನ ಆ ಒಂದು ನಿಮಿಷವನ್ನು ತೆಗೆದುಹಾಕುವ ಅವಕಾಶ ಆಗ ನಮ್ಮ ಕೈಯಲ್ಲಿರುತ್ತದೆ.

ಹತ್ತನೇ ಕ್ಲಾಸಿನ ಹುಡುಗರು ತಾವೇ ಪೇಜ್ ನಡೆಸ್ತೀವಿ ಅಂತಾರೆ. ಪಾಸ್‌ವರ್ಡ್ ಕೊಡಬಹುದಾ?

ಪಾಸ್‌ವರ್ಡ್ ಕೊಡಬೇಡಿ, ಕೆಲಸ ಕೊಡಿ. ವರದಿ ಬರೆಯುವುದು, ಚಿತ್ರ ಆರಿಸುವುದು, ಶೀರ್ಷಿಕೆ ಹೊಂದಿಸುವುದು, ಹಕ್ಕಿಯ ಹೆಸರು ಸರಿಯಿದೆಯೇ ಎಂದು ಪುಸ್ತಕ ನೋಡಿ ಪರಿಶೀಲಿಸುವುದು, ಇವೆಲ್ಲ ಒಂದು ಪುಟ್ಟ ಸಂಪಾದಕ ಮಂಡಳಿಯ ಕೆಲಸಗಳು ಮತ್ತು ಮಕ್ಕಳು ಇವನ್ನು ಬಹಳ ಗಂಭೀರವಾಗಿ ಮಾಡುತ್ತಾರೆ. ಶಾಲೆಯ ಕಂಪ್ಯೂಟರಿನಲ್ಲಿ ಅವರು ಸಿದ್ಧಪಡಿಸಿದ್ದನ್ನು ಶಿಕ್ಷಕರು ನೋಡಿ ಪ್ರಕಟಿಸಲಿ. ಮಂಡಳಿಯಲ್ಲಿ ಹುಡುಗಿಯರೂ ಇರುವಂತೆ, ಒಂಬತ್ತನೇ ತರಗತಿಯವರು ಕಲಿಯುತ್ತಾ ಇರುವಂತೆ ನೋಡಿಕೊಂಡರೆ ಎಸ್‌ಎಸ್‌ಎಲ್‌ಸಿ ಓದಿನ ತಿಂಗಳುಗಳಲ್ಲಿ ಹತ್ತನೆಯವರನ್ನು ಬಿಡುಗಡೆ ಮಾಡಬಹುದು.

ನಮ್ಮ ಪೇಜಿನ ಫೋಟೊ ತೆಗೆದುಕೊಂಡು ಯಾರೋ ಒಬ್ಬ ಹುಡುಗಿಯ ಚಿತ್ರವನ್ನು ಅಸಹ್ಯವಾಗಿ ತಿದ್ದಿದ್ದಾರೆ. ಮೊದಲು ಏನು ಮಾಡಬೇಕು?

ಮೊದಲು ಆ ಮಗುವಿನ ಜೊತೆ ನಿಲ್ಲಿ. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ ಎಂದು ಅವಳ ವಿಶ್ವಾಸದ ಶಿಕ್ಷಕಿಯೊಬ್ಬರು ಸ್ಪಷ್ಟವಾಗಿ ಹೇಳಲಿ, ಪೋಷಕರನ್ನು ಅದೇ ದಿನ ಕರೆಸಿ. ಆ ಚಿತ್ರವನ್ನು ಸಾಕ್ಷಿಗೆಂದು ಕೂಡ ಯಾರಿಗೂ ಕಳುಹಿಸಬೇಡಿ, ಏಕೆಂದರೆ ಮಕ್ಕಳ ಅಂತಹ ಚಿತ್ರವನ್ನು ರವಾನಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರ ಸ್ವತಃ ಅಪರಾಧ. ಲಿಂಕ್, ಖಾತೆಯ ಹೆಸರು, ದಿನಾಂಕ, ಸಮಯಗಳನ್ನು ಬರೆದಿಟ್ಟುಕೊಳ್ಳಿ. ಜಾಲತಾಣಕ್ಕೆ ದೂರು ಕೊಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಶಿಕ್ಷಾರ್ಹ. ಶಾಲೆಯ ಮರ್ಯಾದೆಯ ನೆಪದಲ್ಲಿ ಒಳಗೊಳಗೇ ಮುಗಿಸಲು ಹೊರಡುವವರಿಗೆ ಇದನ್ನು ನೆನಪಿಸಿ. ದೂರು ನೀಡಿದ ಮೇಲೆ ಪುಟದಲ್ಲಿ ಮಕ್ಕಳ ಮುಖ ಕಾಣುವ ಉಳಿದ ಚಿತ್ರಗಳನ್ನೂ ಮರೆಮಾಡಿ. ಸಂಘದ ಚಟುವಟಿಕೆಯನ್ನು ಮಾತ್ರ ನಿಲ್ಲಿಸಬೇಡಿ. ನಿಲ್ಲಿಸಿದರೆ ಅದರ ಹೊರೆ ಆ ಮಗುವಿನ ಮೇಲೆಯೇ ಬೀಳುತ್ತದೆ.

ಲೈಕ್ ನೂರಾರು ಬರ್ತವೆ, ಸಂಘದ ಸಭೆಗೆ ಹತ್ತು ಮಕ್ಕಳೂ ಬರಲ್ಲ. ಎಲ್ಲಿ ಎಡವಿದ್ದೇವೆ?

ಲೈಕ್ ಕೊಡುವವರು ದೂರದವರು, ಸಭೆಗೆ ಬರಬೇಕಾದವರು ಪಕ್ಕದ ಕೊಠಡಿಯಲ್ಲಿದ್ದಾರೆ. ಬಾರದ ಮಕ್ಕಳನ್ನು ಒಬ್ಬೊಬ್ಬರಾಗಿ ಮಾತನಾಡಿಸಿ. ಬಸ್ಸು ತಪ್ಪುತ್ತದೆ, ಮನೆಯಲ್ಲಿ ಕೆಲಸವಿದೆ, ಹೋದ ಸಲ ಬರೀ ಭಾಷಣ ಕೇಳಿಸಿದರು, ಮುಂದಿನ ಬೆಂಚಿನವರಿಗೇ ಎಲ್ಲ ಅವಕಾಶ ಎಂಬಂತಹ ಕಾರಣಗಳು ಹೊರಬರುತ್ತವೆ. ಇವುಗಳಲ್ಲಿ ಯಾವುದಕ್ಕೂ ಪೋಸ್ಟರ್ ಮದ್ದಲ್ಲ. ಸಭೆಯನ್ನು ಶಾಲಾ ಅವಧಿಯೊಳಗೇ ತರುವುದು ಮತ್ತು ಪ್ರತಿ ಸಭೆಯಲ್ಲೂ ಕೈಯಿಂದ ಮಾಡುವ ಒಂದು ಕೆಲಸವಿಡುವುದು ಹೆಚ್ಚು ಫಲ ಕೊಡುತ್ತದೆ.

ಪೇಜ್ ಶುರು ಮಾಡಿದ ಮೇಷ್ಟ್ರಿಗೆ ವರ್ಗಾವಣೆ ಆಯ್ತು. ಈಗ ಯಾರಿಗೂ ಲಾಗಿನ್ ಆಗಕ್ಕೆ ಬರ್ತಿಲ್ಲ. ಮುಂದೆ ಹೀಗಾಗದಂತೆ ಏನು ಮಾಡಬೇಕು?

ಖಾತೆಯನ್ನು ಶಾಲೆಯ ಇ-ಮೇಲ್ ಮತ್ತು ಶಾಲೆಯ ಸಿಮ್‌ನಿಂದಲೇ ತೆರೆಯಿರಿ, ಎರಡು ಹಂತದ ಪರಿಶೀಲನೆಯನ್ನು ಸಕ್ರಿಯಗೊಳಿಸಿ, ಇಬ್ಬರು ಶಿಕ್ಷಕರು ಅಡ್ಮಿನ್ ಆಗಿರಲಿ. ಜನ್ಮದಿನಾಂಕದ ಜಾಗದಲ್ಲಿ ಸಂಘ ಸ್ಥಾಪನೆಯಾದ ದಿನವನ್ನು ಬರೆಯುವವರಿದ್ದಾರೆ. ಆಗ ಖಾತೆದಾರರ ವಯಸ್ಸು 13ಕ್ಕಿಂತ ಕಡಿಮೆ ಎಂದು ಲೆಕ್ಕವಾಗಿ ಖಾತೆಯೇ ಮುಚ್ಚಿಹೋಗಬಹುದು. ಅಲ್ಲಿ ಹೊಣೆ ಹೊತ್ತ ಶಿಕ್ಷಕರ ದಿನಾಂಕವೇ ಇರಬೇಕು. ಸರ್ಕಾರಿ ಶಿಕ್ಷಕರಿಗೆ 2021ರ ನಡತೆ ನಿಯಮಗಳು ಅನ್ವಯಿಸುವುದರಿಂದ ಪುಟ ತೆರೆಯಲು ಮುಖ್ಯ ಶಿಕ್ಷಕರ ಲಿಖಿತ ಅನುಮತಿ ಕಡತದಲ್ಲಿರಲಿ. ಪ್ರಭಾರ ವಹಿಸಿಕೊಡುವಾಗ ಪ್ರಯೋಗಾಲಯದ ಉಪಕರಣಗಳ ಪಟ್ಟಿಯ ಜೊತೆಗೆ ಖಾತೆಗಳ ಪಟ್ಟಿಯನ್ನೂ ಸೇರಿಸಿ, ಪಾಸ್‌ವರ್ಡ್ ಅನ್ನು ಮುಚ್ಚಿದ ಲಕೋಟೆಯಲ್ಲಿ ಮುಖ್ಯ ಶಿಕ್ಷಕರ ಬೀರುವಿನಲ್ಲಿಡಿ. ಹೊಸಬರು ಬಂದ ದಿನವೇ ಪಾಸ್‌ವರ್ಡ್ ಬದಲಿಸಿ, ಹಳಬರನ್ನು ಅಡ್ಮಿನ್ ಪಟ್ಟಿಯಿಂದ ತೆಗೆಯಬೇಕು. ಈಗಾಗಲೇ ಕೈತಪ್ಪಿದ ಪುಟದ ವಿಷಯದಲ್ಲಿ, ವರ್ಗವಾಗಿ ಹೋದ ಶಿಕ್ಷಕರಿಗೆ ಒಂದು ಕರೆ ಮಾಡುವುದೇ ಮೊದಲ ದಾರಿ. ಅವರ ಫೋನಿಗೆ ಬರುವ ಒಟಿಪಿಯಿಂದ ಲಾಗಿನ್ ಆಗಿ, ಅದೇ ಹೊತ್ತಿನಲ್ಲಿ ಇ-ಮೇಲ್ ಮತ್ತು ನಂಬರನ್ನು ಶಾಲೆಯದಕ್ಕೆ ಬದಲಿಸಿಕೊಳ್ಳಿ.

ಹಿಂದಿನ ವರ್ಷದ ವಿದ್ಯಾರ್ಥಿನಿ ಬಂದು ತನ್ನ ಹಳೆ ಫೋಟೊ ತೆಗೆಯಿರಿ ಅಂತಾಳೆ. ಅದು ಸಂಘದ ದಾಖಲೆಯಲ್ಲವಾ?

ತೆಗೆಯಿರಿ, ಕಾರಣ ಕೇಳಬೇಡಿ. ದಾಖಲೆ ಬೇಕಿದ್ದರೆ ನಡಾವಳಿ ಪುಸ್ತಕದಲ್ಲಿ ಅವಳ ಹೆಸರು, ಅವಳು ಮಾಡಿದ ಕೆಲಸ ಎರಡೂ ಇವೆ. ಪ್ರತಿ ಏಪ್ರಿಲ್‌ನಲ್ಲಿ ಶಾಲೆ ಬಿಟ್ಟು ಹೋಗುವ ತಂಡವನ್ನು ಕೂರಿಸಿಕೊಂಡು ಪುಟವನ್ನು ಮೊದಲಿನಿಂದ ತೋರಿಸಿ, ಯಾವುದು ಇರಲಿ, ಯಾವುದು ಬೇಡ ಎಂದು ಕೇಳುವ ಪದ್ಧತಿಯನ್ನು ಇಟ್ಟುಕೊಂಡರೆ ಇಂಥ ಬೇಡಿಕೆಗಾಗಿ ಮಗು ಮುಜುಗರಪಟ್ಟು ಹಿಂದಿರುಗಿ ಬರಬೇಕಾಗುವುದಿಲ್ಲ.